ಚಂದ್ರ ಯಾರಪ್ಪನ ಸ್ವತ್ತು?

1993ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸದಬೀಸ್ ಹರಾಜಿಗೆ ಒಂದು ವಿಚಿತ್ರ ಸರಕು ಬಂತು. ಕೊಂಡವರು ಅದನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ, ಮುಟ್ಟುವ ಹಾಗಿರಲಿಲ್ಲ, ಹೋಗಿ ಕಣ್ತುಂಬ ನೋಡಿಕೊಂಡು ಬರುವ ಹಾಗೂ ಇರಲಿಲ್ಲ. ಅದು ಲೂನಾಖೋಡ್-2, ಎಂಟು ಚಕ್ರಗಳ ಸೋವಿಯತ್ ಗಾಡಿ. 1973ರ ಜನವರಿಯಲ್ಲಿ ಚಂದ್ರನ ಮೇಲಿಳಿದು, ಸುಮಾರು 39 ಕಿಲೋಮೀಟರ್ ಓಡಾಡಿ, ಕೆಲವೇ ತಿಂಗಳಲ್ಲಿ ಕೆಟ್ಟು ನಿಂತಿತ್ತು. ಸೋವಿಯತ್ ಒಕ್ಕೂಟ ಒಡೆದು, ಅದರ ಬಾಹ್ಯಾಕಾಶ ಸಂಸ್ಥೆಗಳಿಗೆ ಕಾಸಿಗೂ ತತ್ವಾರವಾಗಿದ್ದ ಕಾಲ. ಗಾಡಿಯನ್ನು ನಿಂತಲ್ಲೇ ಹರಾಜು ಹಾಕಿದರು. ವಿಡಿಯೊ ಗೇಮ್‌ಗಳಿಂದ ಹಣ ಮಾಡಿದ್ದ ರಿಚರ್ಡ್ ಗ್ಯಾರಿಯಟ್ ಅದನ್ನು 68,500 ಡಾಲರಿಗೆ ಕೊಂಡರು.

ಕಾನೂನಿನ ಕಣ್ಣಿಗೆ ಆ ಗಾಡಿ ಅವರದು. ಆದರೆ ಚಕ್ರಗಳು ಊರಿಕೊಂಡಿರುವ ನೆಲದಲ್ಲಿ ಒಂದು ಗೇಣೂ ಅವರದಲ್ಲ. ರಷ್ಯಾದ್ದೂ ಅಲ್ಲ, ಅಮೆರಿಕದ್ದೂ ಅಲ್ಲ. ಇನ್ನು ಆ ಚಕ್ರದ ಪಕ್ಕದ ದೂಳನ್ನು ಯಾರಾದರೂ ಬಾಚಿ ಭೂಮಿಗೆ ತಂದರೆ ಅದು ಯಾರದು ಎಂದು ಕೇಳಿದರೆ ವಕೀಲರೇ ಎರಡು ಪಂಗಡವಾಗುತ್ತಾರೆ. ಗಾಡಿ, ನೆಲ, ದೂಳು ಮೂರಕ್ಕೂ ಉತ್ತರ ಬೇರೆ ಬೇರೆ. ‘ಚಂದ್ರ ಯಾರದು’ ಎಂದು ಒಂದೇ ಉಸಿರಿನಲ್ಲಿ ಕೇಳಿದಾಗ ಎಲ್ಲವೂ ಕಲಸುಮೇಲೋಗರವಾಗುವುದು ಇದರಿಂದಲೇ.

ನೆಲದ ತಕರಾರು ಬಗೆಹರಿದು ಅರ್ಧ ಶತಮಾನ ದಾಟಿದೆ. 1967ರ ಜನವರಿ 27ರಂದು ವಾಷಿಂಗ್ಟನ್, ಲಂಡನ್, ಮಾಸ್ಕೊ ಮೂರೂ ಕಡೆ ಸಹಿಗೆ ಇಟ್ಟ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿ ಒಂದೇ ಒಂದು ವಾಕ್ಯದ್ದು. ಚಂದ್ರನೂ ಸೇರಿದಂತೆ ಬಾಹ್ಯಾಕಾಶದ ಯಾವ ಭಾಗವನ್ನೂ ಯಾವ ದೇಶವೂ ಸಾರ್ವಭೌಮತ್ವ ಸಾರಿಯಾಗಲಿ, ಬಳಸಿಯಾಗಲಿ, ನೆಲೆಸಿಯಾಗಲಿ, ಬೇರೆ ಯಾವುದೇ ದಾರಿಯಿಂದಾಗಲಿ ತನ್ನದಾಗಿಸಿಕೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಆ ‘ಆಗಲಿ’ಗಳನ್ನು ಬಿಡಿಸಿ ನೋಡಬೇಕು. ಹಡಗಿನಲ್ಲಿ ಹೋದವರು ಹೊಸ ದಂಡೆಯಲ್ಲಿ ಬಾವುಟ ನೆಟ್ಟು ‘ಇದು ನಮ್ಮ ದೊರೆಯದು’ ಎಂದು ಕೂಗುವುದು ಹಳೆಯ ಒಂದು ದಾರಿ. ಬಹಳ ಕಾಲ ತಳವೂರಿ, ಉತ್ತು ಬಿತ್ತಿ, ‘ಇಷ್ಟು ವರ್ಷದಿಂದ ನಾವೇ ಇದ್ದೇವೆ’ ಎನ್ನುವುದು ಇನ್ನೊಂದು. ಭೂಮಿಯ ಮೇಲೆ ಸಾಮ್ರಾಜ್ಯಗಳು ಬೆಳೆದದ್ದು ಈ ದಾರಿಗಳಲ್ಲೇ. ಒಪ್ಪಂದ ಅವೆರಡನ್ನೂ ಹೆಸರು ಹಿಡಿದು ಮುಚ್ಚಿತು. ಹೊಸದೊಂದು ಕಂಡಿಯನ್ನು ಯಾರಾದರೂ ಹುಡುಕಿಯಾರು ಎಂದು ‘ಬೇರೆ ಯಾವುದೇ ದಾರಿ’ ಎಂಬ ಬೀಗವನ್ನೂ ಜಡಿಯಿತು.

ಇದನ್ನು ಶುದ್ಧ ಔದಾರ್ಯ ಎಂದು ಓದಿಕೊಳ್ಳಬೇಕಾಗಿಲ್ಲ. 1967ರಲ್ಲಿ ಚಂದ್ರನಿಗೆ ಮೊದಲು ತಲುಪುವವರು ಯಾರೆಂದು ಅಮೆರಿಕಕ್ಕೂ ಗೊತ್ತಿರಲಿಲ್ಲ, ಸೋವಿಯತ್ ಒಕ್ಕೂಟಕ್ಕೂ ಗೊತ್ತಿರಲಿಲ್ಲ. ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗಂತೂ ಸಿಗಬಾರದು ಎಂಬ ಲೆಕ್ಕಾಚಾರ ಇಬ್ಬರಿಗೂ ಹೊಂದಿಕೆಯಾಗಿತ್ತು. ಒಳ್ಳೆಯ ಕಾನೂನುಗಳು ಎಷ್ಟೋ ಸಲ ಇಂಥ ಸಣ್ಣತನದಿಂದಲೇ ಹುಟ್ಟುತ್ತವೆ. ಆ ವರ್ಷದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದಕ್ಕೆ ಇಂದು ನೂರಹತ್ತಕ್ಕೂ ಹೆಚ್ಚು ದೇಶಗಳು ಬದ್ಧವಾಗಿವೆ. ಚಂದ್ರನಿಗೆ ಹೋಗಬಲ್ಲ ದೇಶಗಳೆಲ್ಲ ಅದರಲ್ಲಿವೆ.

ಹಾಗಾದರೆ ಅಪೊಲೊ ಯಾನಿಗಳು ನೆಟ್ಟ ಆರು ಬಾವುಟಗಳು? ಆ ಅನುಮಾನ ಆಗಲೇ ಎದ್ದಿತ್ತು. 1969ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತೇ ಒಂದು ಕಾನೂನಿನಲ್ಲಿ ಬರೆದಿಟ್ಟಿತು: ಬಾವುಟ ನೆಡುವುದು ಸಾಧನೆಯ ಹೆಮ್ಮೆಯ ಸಂಕೇತ ಮಾತ್ರ, ಅದನ್ನು ಒಡೆತನದ ಘೋಷಣೆ ಎಂದು ತಿಳಿಯಬಾರದು. ಅಂದಹಾಗೆ, ಮೊದಲ ಬಾವುಟ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ತಮ್ಮ ನೌಕೆ ಮೇಲೇರುವಾಗ ಎಂಜಿನ್ನಿನ ರಭಸಕ್ಕೆ ಅದು ಉರುಳಿಬಿದ್ದದ್ದನ್ನು ಬಝ್ ಆಲ್ಡ್ರಿನ್ ಕಂಡಿದ್ದರು. ಹೆಸರಿಡುವುದರ ಕಥೆಯೂ ಇಷ್ಟೇ. ಚಂದ್ರಯಾನ-3 ಇಳಿದ ಜಾಗಕ್ಕೆ ‘ಶಿವಶಕ್ತಿ’ ಎಂಬ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2024ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ನಕ್ಷೆಯಲ್ಲಿ ಹೆಸರು ಬಂತು. ನೆಲದ ಮೇಲೆ ಹಕ್ಕು ಬರಲಿಲ್ಲ.

ಇಲ್ಲಿಗೆ ಜಾಣರೊಬ್ಬರು ಕೈಯೆತ್ತುತ್ತಾರೆ. ಒಪ್ಪಂದ ತಡೆದಿರುವುದು ದೇಶಗಳನ್ನು ತಾನೇ? ನಾನೊಬ್ಬ ವ್ಯಕ್ತಿ, ನನ್ನನ್ನು ತಡೆದವರು ಯಾರು? ಈ ಒಂದು ತರ್ಕದ ಮೇಲೆ ಇಡೀ ವ್ಯಾಪಾರವೇ ನಿಂತಿದೆ. 1980ರಲ್ಲಿ ಅಮೆರಿಕದ ಒಬ್ಬ ಮನುಷ್ಯ ಚಂದ್ರನೇ ತನ್ನದೆಂದು ಘೋಷಿಸಿಕೊಂಡು, ವಿಶ್ವಸಂಸ್ಥೆಗೆ ಪತ್ರ ಬರೆದು, ಎಕರೆ ಲೆಕ್ಕದಲ್ಲಿ ಮಾರತೊಡಗಿದ. ಅಂದದ ಪ್ರಮಾಣಪತ್ರ, ನಿವೇಶನದ ನಕ್ಷೆ ಎಲ್ಲ ಅಂಚೆಯಲ್ಲಿ ಬರುತ್ತವೆ. ಇಂದಿಗೂ ಹುಟ್ಟುಹಬ್ಬಕ್ಕೆ, ಮದುವೆಗೆ ಉಡುಗೊರೆಯಾಗಿ ಕೊಡುವವರಿದ್ದಾರೆ. ಉಡುಗೊರೆಗೆ ನನ್ನ ತಕರಾರಿಲ್ಲ, ಕಾಗದ ಚೆನ್ನಾಗಿರುತ್ತದೆ.

ತರ್ಕ ಮಾತ್ರ ಎರಡು ಕಡೆ ಸೋರುತ್ತದೆ. ಒಪ್ಪಂದದ ಆರನೇ ವಿಧಿಯ ಪ್ರಕಾರ ಬಾಹ್ಯಾಕಾಶದಲ್ಲಿ ಖಾಸಗಿಯವರು ಮಾಡುವ ಕೆಲಸಕ್ಕೂ ಅವರ ದೇಶವೇ ಹೊಣೆ. ಅನುಮತಿ ಕೊಡಬೇಕು, ಮೇಲೆ ಕಣ್ಣಿಡುತ್ತಲೂ ಇರಬೇಕು. ಎರಡನೆಯದು ಇನ್ನೂ ಬುನಾದಿಯ ಮಾತು. ನೆಲದ ಒಡೆತನ ಎಂಬುದು ನನಗೂ ನೆಲಕ್ಕೂ ಇರುವ ಖಾಸಗಿ ನಂಟಲ್ಲ. ಬೇರೊಬ್ಬ ಒತ್ತುವರಿ ಮಾಡಿದರೆ ಓಡಿಹೋಗಿ ದೂರು ಕೊಡಲು ಒಂದು ಕೋರ್ಟು ಬೇಕು, ತೀರ್ಪನ್ನು ಜಾರಿ ಮಾಡಲು ಒಂದು ಸರ್ಕಾರ ಬೇಕು. ಕ್ರಯಪತ್ರಕ್ಕೆ ಬೆಲೆ ಬರುವುದು ಅದರ ಹಿಂದೆ ಸರ್ಕಾರ ನಿಂತಿರುವುದರಿಂದ. ಚಂದ್ರನ ನೆಲಕ್ಕೆ ಯಾವುದೇ ಸರ್ಕಾರ ಹಾಗೆ ಬೆನ್ನು ಕೊಟ್ಟರೆ ಅದೇ ‘ಬೇರೆ ಯಾವುದೇ ದಾರಿ’ಯಿಂದ ತನ್ನದಾಗಿಸಿಕೊಂಡ ಹಾಗಾಯಿತು. ಆದ್ದರಿಂದ ಕೊಡುವವರಿಲ್ಲ. ಬೀಜಿಂಗ್‌ನಲ್ಲಿ 2005ರಲ್ಲಿ ಇಂಥದೇ ಚಂದ್ರನಿವೇಶನದ ಅಂಗಡಿ ತೆರೆದಾಗ ಅಧಿಕಾರಿಗಳು ಪರವಾನಗಿ ರದ್ದು ಮಾಡಿದರು. ಕಂಪನಿ ಕೋರ್ಟಿಗೆ ಹೋಗಿ ಸೋತಿತು.

ಇದಕ್ಕಿಂತ ಸೊಗಸಾದ ಮೊಕದ್ದಮೆ ಏರಾಸ್ ಎಂಬ ಕ್ಷುದ್ರಗ್ರಹದ್ದು. ಅಮೆರಿಕದ ಒಬ್ಬ ಪ್ರಜೆ ಅದು ತನ್ನದೆಂದು ನೋಂದಣಿ ಮಾಡಿಸಿಕೊಂಡಿದ್ದರು. ನೋಂದಣಿ ಮಾಡಿಕೊಂಡದ್ದು ಸರ್ಕಾರವಲ್ಲ, ಒಂದು ಖಾಸಗಿ ಜಾಲತಾಣ. 2001ರ ಫೆಬ್ರುವರಿಯಲ್ಲಿ ನಾಸಾದ ನಿಯರ್ ಶೂಮೇಕರ್ ನೌಕೆ ಏರಾಸ್ ಮೇಲೆ ಇಳಿಯಿತು. ಅವರು ನಾಸಾಗೆ 20 ಡಾಲರಿನ ಬಿಲ್ ಕಳಿಸಿದರು. ತಮ್ಮ ಜಾಗದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ಬಾಡಿಗೆ, ಮೊದಲ ನೂರು ವರ್ಷಕ್ಕೆ! ವರ್ಷಕ್ಕೆ 20 ಸೆಂಟ್ ಎಂದರೆ ದುಬಾರಿಯೇನಲ್ಲ. ನಾಸಾ ಕೊಡಲಿಲ್ಲ. 2004ರಲ್ಲಿ ಕೋರ್ಟು ಮೊಕದ್ದಮೆಯನ್ನು ವಜಾ ಮಾಡಿತು: ಇಂಥ ಆಸ್ತಿ ಹಕ್ಕು ಇದೆ ಎಂದು ತೋರಿಸಲು ಅರ್ಜಿದಾರರ ಬಳಿ ಯಾವ ಕಾನೂನಿನ ಆಧಾರವೂ ಇರಲಿಲ್ಲ.

ನೆಲದ ಮಾತು ಇಲ್ಲಿಗೆ ಸಾಕು. ಜಗಳ ಇರುವುದು ದೂಳಿನಲ್ಲಿ.

ಗ್ಯಾರಿಯಟ್ ಗಾಡಿ ಕೊಂಡ ಅದೇ ಹರಾಜಿನಲ್ಲಿ ಮೂರು ಪುಟ್ಟ ಕಣಗಳೂ ಮಾರಾಟವಾದವು. 1970ರಲ್ಲಿ ಸೋವಿಯತ್ತಿನ ಲೂನಾ-16 ತಂದಿದ್ದ ಮಣ್ಣಿನವು. ರಾಕೆಟ್ ತಜ್ಞ ಸರ್ಗೇಯ್ ಕೊರೊಲ್ಯೋವ್ ಅವರ ಪತ್ನಿಗೆ ಸರ್ಕಾರ ಕಾಣಿಕೆಯಾಗಿ ಕೊಟ್ಟಿದ್ದವು. ಬೆಲೆ 4,42,500 ಡಾಲರ್. 2018ರಲ್ಲಿ ಮತ್ತೆ ಮಾರಾಟವಾದಾಗ 8,55,000. ಇಷ್ಟು ಹಣ ಕೈ ಬದಲಾಯಿಸಿದಾಗಲೂ ‘ಇದು ಮಾನವಕುಲದ್ದು, ಮಾರಲು ನೀವು ಯಾರು’ ಎಂದು ಯಾವ ದೇಶವೂ ಕೋರ್ಟಿಗೆ ಹೋಗಲಿಲ್ಲ.

ಇನ್ನೊಂದು ಕಲ್ಲು ಕೋರ್ಟಿಗೇ ಹೋಯಿತು. ಅಪೊಲೊ-17 ತಂದ ಬಂಡೆಯೊಂದರ ಚೂರುಗಳನ್ನು ಅಮೆರಿಕ ಹಲವಾರು ದೇಶಗಳಿಗೆ ಸೌಹಾರ್ದದ ಕಾಣಿಕೆಯಾಗಿ ಹಂಚಿತ್ತು. ಹೊಂಡುರಾಸ್‌ಗೆ ಹೋದದ್ದು 1.142 ಗ್ರಾಂ ತೂಕದ್ದು, ಪಾರದರ್ಶಕ ಪ್ಲಾಸ್ಟಿಕ್ ಗುಂಡಿನೊಳಗೆ ಹುದುಗಿಸಿದ್ದು. 1998ರಲ್ಲಿ ಅಮೆರಿಕದ ಅಧಿಕಾರಿಗಳು ನಕಲಿ ಚಂದ್ರಶಿಲೆ ಮಾರುವವರನ್ನು ಹಿಡಿಯಲೆಂದು ‘ಚಂದ್ರಶಿಲೆ ಬೇಕಾಗಿದೆ’ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ನಕಲಿಗೆ ಬಲೆ ಬೀಸಿದವರ ಕೈಗೆ ಅಸಲಿಯೇ ಬಿತ್ತು. ಮಾರಲು ಬಂದವನು ಕೇಳಿದ್ದು 50 ಲಕ್ಷ ಡಾಲರ್. ಕಲ್ಲನ್ನು ಮುಟ್ಟುಗೋಲು ಹಾಕಿಕೊಂಡು ಹೂಡಿದ ಮೊಕದ್ದಮೆಯಲ್ಲಿ ಪ್ರತಿವಾದಿ ಆ ಪ್ಲಾಸ್ಟಿಕ್ ಗುಂಡೇ. 2003ರಲ್ಲಿ ತೀರ್ಪು ಬಂತು: ಹೊಂಡುರಾಸ್ ಕಾನೂನಿನಂತೆ ಇದು ಆ ದೇಶದ ಸೊತ್ತು, ಅಲ್ಲಿಂದ ಕದ್ದದ್ದು. ನ್ಯಾಯಾಧೀಶರು ತಲೆಕೆಡಿಸಿಕೊಂಡದ್ದು ಹೊಂಡುರಾಸ್ ಕಾನೂನಿನ ಬಗ್ಗೆ. ಚಂದ್ರನ ಕಲ್ಲು ಒಬ್ಬರ ಸೊತ್ತಾಗಬಹುದು ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ.

ಅಗೆದು ತಂದದ್ದು ತಂದವರದು ಎಂಬ ವಾದದ ಬೇರು ಇಲ್ಲಿದೆ. ಅಪೊಲೊ ಯಾನಗಳು ತಂದ 382 ಕಿಲೋ ಅಮೆರಿಕದ್ದು. ಚೀನಾದ ಚಾಂಗ್‌ಎ-6 ನೌಕೆ 2024ರಲ್ಲಿ ಚಂದ್ರನ ಹಿಂಬದಿಯಿಂದ ತಂದ 1,935.3 ಗ್ರಾಂ ಚೀನಾದ್ದು. ಈ ಪಂಗಡದವರಿಗೆ ಪ್ರಿಯವಾದ ಹೋಲಿಕೆ ಮೀನುಗಾರಿಕೆ. ನಡುಗಡಲು ಯಾರದೂ ಅಲ್ಲ, ಆದರೆ ಬಲೆಗೆ ಬಿದ್ದ ಮೀನು ಬೆಸ್ತನದು. ಮೀನು ಮಾರಿದ ಮಾತ್ರಕ್ಕೆ ಅವನು ಕಡಲನ್ನು ನುಂಗಿದ ಹಾಗಾಗುವುದಿಲ್ಲ.

ಹೋಲಿಕೆ ಚೆನ್ನಾಗಿದೆ, ಆದರೆ ಮೀನು ಮರಿ ಹಾಕುತ್ತದೆ, ಚಂದ್ರನ ಮಂಜುಗಡ್ಡೆ ಹಾಕುವುದಿಲ್ಲ. ಹೋಲಿಸುವುದಾದರೆ ಮೀನಿಗೆ ಹೋಲಿಸಬೇಡಿ, ಕಡಲತಳದ ಖನಿಜಕ್ಕೆ ಹೋಲಿಸಿ ಎನ್ನುವುದು ಎದುರು ಪಂಗಡ. ದೇಶಗಳ ಗಡಿಯಾಚೆಯ ಸಾಗರತಳ ‘ಮಾನವಕುಲದ ಸಮಾನ ಪರಂಪರೆ’. ಅಲ್ಲಿ ಗಣಿ ಮಾಡಲು ಜಮೈಕಾದಲ್ಲಿ ಕಚೇರಿಯಿರುವ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಚಂದ್ರನಿಗೂ ಹೀಗೇ ಆಗಲಿ ಎಂದು 1979ರಲ್ಲಿ ಚಂದ್ರ ಒಪ್ಪಂದ ತಯಾರಾಯಿತು. ಸಂಪನ್ಮೂಲ ತೆಗೆಯುವ ಕಾಲ ಹತ್ತಿರ ಬಂದಾಗ ಎಲ್ಲರೂ ಸೇರಿ ನಿಯಮ ಮಾಡಬೇಕು, ಬಂದ ಲಾಭದಲ್ಲಿ ನ್ಯಾಯವಾದ ಪಾಲು ಎಲ್ಲರಿಗೂ ಹೋಗಬೇಕು ಎಂಬುದು ಅದರ ಸಾರ. 1984ರಲ್ಲಿ ಜಾರಿಗೂ ಬಂತು. ಆದರೆ ಬದ್ಧವಾದ ದೇಶಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಅಮೆರಿಕ, ರಷ್ಯಾ, ಚೀನಾ ಹತ್ತಿರ ಸುಳಿಯಲಿಲ್ಲ. ಭಾರತ 1982ರಲ್ಲಿ ಸಹಿ ಹಾಕಿ, ಅನುಮೋದಿಸದೆ ಹಾಗೇ ಬಿಟ್ಟಿದೆ. ಒಳಗಿದ್ದ ಸೌದಿ ಅರೇಬಿಯಾ ಹೊರಗೆ ನಡೆಯಿತು. ಹಂಚಿಕೊಳ್ಳುವ ನಿಯಮಕ್ಕೆ ಒಪ್ಪಿದವರು ಬಹುಪಾಲು ಅಲ್ಲಿಗೆ ಹೋಗಲಾಗದವರು. ಅಲ್ಲಿಗೆ ಹೋಗಬಲ್ಲವರಿಗೆ ಹಂಚಿಕೊಳ್ಳುವ ಆತುರವಿಲ್ಲ.

ಅಂತರರಾಷ್ಟ್ರೀಯ ನಿಯಮ ಬರಲಿಲ್ಲವೆಂದ ಮೇಲೆ ದೇಶಗಳು ತಮ್ಮ ತಮ್ಮ ಮನೆಯೊಳಗೆ ಕಾನೂನು ಮಾಡಿಕೊಂಡವು. 2015ರಲ್ಲಿ ಅಮೆರಿಕ, 2017ರಲ್ಲಿ ಲಕ್ಸೆಂಬರ್ಗ್, 2019ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ, 2021ರಲ್ಲಿ ಜಪಾನ್. ಅಮೆರಿಕದ ಕಾನೂನಿನ ಚಾಲಾಕಿತನ ನೋಡಿ: ನಮ್ಮ ಪ್ರಜೆ ಬಾಹ್ಯಾಕಾಶದಲ್ಲಿ ಪಡೆದ ಸಂಪನ್ಮೂಲವನ್ನು ಇಟ್ಟುಕೊಳ್ಳಬಹುದು, ಸಾಗಿಸಬಹುದು, ಮಾರಬಹುದು, ಇದರಿಂದ ಅಮೆರಿಕ ಯಾವ ಆಕಾಶಕಾಯದ ಮೇಲೂ ಸಾರ್ವಭೌಮತ್ವ ಸಾರಿದಂತಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆಮೇಲೆ ಬಂತು ಒಂದು ಡಾಲರಿನ ಗುತ್ತಿಗೆ. 2020ರಲ್ಲಿ ನಾಸಾ ಚಂದ್ರನ ಮಣ್ಣನ್ನು ಖಾಸಗಿ ಕಂಪನಿಗಳಿಂದ ಕೊಳ್ಳುವುದಾಗಿ ಸಾರಿತು. ಕಂಪನಿ ತನ್ನ ಯಂತ್ರವನ್ನು ಅಲ್ಲಿಗೆ ಕಳಿಸಿ, ಸ್ವಲ್ಪ ಮಣ್ಣನ್ನು ಬಾಚಿ, ಅದರ ಚಿತ್ರ ತೆಗೆದು, ‘ಇಗೋ ನಿಮಗೆ ಒಪ್ಪಿಸಿದೆ’ ಎಂದರೆ ಮುಗಿಯಿತು. ಮಣ್ಣು ಅಲ್ಲೇ ಇರುತ್ತದೆ. ಗುತ್ತಿಗೆ ಪಡೆದವರಲ್ಲಿ ಅಮೆರಿಕದ ಲೂನಾರ್ ಔಟ್‌ಪೋಸ್ಟ್ ಕೇಳಿದ್ದು ಒಂದೇ ಒಂದು ಡಾಲರ್. ಮುಂಗಡವಾಗಿ ಶೇ 10ರಷ್ಟು ಕೊಡಬೇಕಿತ್ತು, ಹಾಗಾಗಿ ನಾಸಾ 10 ಸೆಂಟಿನ ಚೆಕ್ ಬರೆಯಿತು. ಕೊಂಡ ಮಣ್ಣಿಗಿಂತ ಚೆಕ್ಕಿನ ಕಾಗದಕ್ಕೇ ಹೆಚ್ಚು ಖರ್ಚಾಗಿರಬೇಕು. ನಗೆಪಾಟಲಿನಂತೆ ಕಂಡರೂ ಇದರಲ್ಲಿ ಹುಡುಗಾಟವಿಲ್ಲ. ಅಂತರರಾಷ್ಟ್ರೀಯ ಕಾನೂನು ಬರಿಯ ಒಪ್ಪಂದಗಳಿಂದ ಬೆಳೆಯುವುದಿಲ್ಲ, ರೂಢಿಯಿಂದಲೂ ಬೆಳೆಯುತ್ತದೆ. ಒಬ್ಬರು ಮಾರಿ, ಇನ್ನೊಬ್ಬರು ಕೊಂಡು, ಉಳಿದವರು ಸುಮ್ಮನಿದ್ದರೆ ಆ ಸುಮ್ಮನಿರುವಿಕೆಯೇ ನಾಳೆ ಸಾಕ್ಷಿ. ನಾಸಾ ಕೊಂಡದ್ದು ಮಣ್ಣನ್ನಲ್ಲ, ಒಂದು ಪೂರ್ವನಿದರ್ಶನವನ್ನು. ಅದೂ ಇನ್ನೂ ಕೈಗೆ ಬಂದಿಲ್ಲ: ಆ ಕಂಪನಿಯ ಪುಟ್ಟ ರೋವರ್ ಹೊತ್ತ ನೌಕೆ 2025ರ ಮಾರ್ಚ್‌ನಲ್ಲಿ ಚಂದ್ರನ ಮೇಲೆ ಪಕ್ಕಕ್ಕೆ ಉರುಳಿ, ರೋವರ್ ಹೊರಗೆ ಬರಲೇ ಇಲ್ಲ.

ಇಷ್ಟಾಗಿಯೂ ನನ್ನ ಪ್ರಕಾರ ಮುಂದಿನ ಗಲಾಟೆ ಮಣ್ಣಿನ ಮಾರಾಟದ್ದಲ್ಲ. ಅದು ‘ಹತ್ತಿರ ಬರಬೇಡಿ’ ಎಂಬ ಮಾತಿನದು. ಇದು ಅರ್ಥವಾಗಬೇಕಾದರೆ 1969ರ ನವೆಂಬರಿಗೆ ಹೋಗಬೇಕು. ಎರಡೂವರೆ ವರ್ಷದಿಂದ ಚಂದ್ರನ ಮೇಲೆ ನಿಂತಿದ್ದ ಸರ್ವೇಯರ್-3 ಎಂಬ ಯಂತ್ರದಿಂದ ಸುಮಾರು 160 ಮೀಟರ್ ದೂರದಲ್ಲಿ ಅಪೊಲೊ-12 ಇಳಿಯಿತು. ಯಾನಿಗಳು ನಡೆದುಹೋಗಿ ಅದರ ಕ್ಯಾಮೆರಾ ಮುಂತಾದ ಭಾಗಗಳನ್ನು ಕತ್ತರಿಸಿ ತಂದರು. ಭೂಮಿಯಲ್ಲಿ ಪರೀಕ್ಷಿಸಿದಾಗ ಅವುಗಳ ಮೈಮೇಲೆ ಮರಳು ರಾಚಿದ ಗುರುತುಗಳು, ಸಣ್ಣ ಸಣ್ಣ ಕುಳಿಗಳು. ಇಳಿಯುವಾಗ ಎಂಜಿನ್ ಎಬ್ಬಿಸಿದ ದೂಳಿನ ಕೆಲಸ ಅದು. ಚಂದ್ರನಲ್ಲಿ ಗಾಳಿಯಿಲ್ಲ, ಹಾರಿದ ಕಣವನ್ನು ತಡೆಯಲು ಏನೂ ಇಲ್ಲ. ಅದು ಹೊರಟ ವೇಗದಲ್ಲೇ ಹೋಗಿ ಬಡಿಯುತ್ತದೆ. ಅಪೊಲೊಕ್ಕಿಂತ ಭಾರವಾದ ನೌಕೆಯೊಂದು ನಿಮ್ಮ ದೂರದರ್ಶಕದ ಪಕ್ಕದಲ್ಲಿ ಇಳಿದರೆ ಕನ್ನಡಿಯ ಗತಿ ಏನೆಂದು ಹೇಳಬೇಕಾಗಿಲ್ಲ.

ಆದ್ದರಿಂದ ಅಂತರ ಕಾಯ್ದುಕೊಳ್ಳಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಹಳೆಯ ಅಪೊಲೊ ತಾಣಗಳಿಗೆ ಹೋಗುವವರು ಎರಡು ಕಿಲೋಮೀಟರ್ ಆಚೆ ಇಳಿಯಬೇಕು, ಅಪೊಲೊ-11ರ ನೌಕೆಯ ಉಳಿಕೆಗೆ 75 ಮೀಟರಿಗಿಂತ ಹತ್ತಿರ ಹೋಗಬಾರದು ಎಂದು 2011ರಲ್ಲಿ ನಾಸಾ ಸೂಚಿಸಿತ್ತು. 2020ರ ಅಕ್ಟೋಬರ್‌ನಲ್ಲಿ ಎಂಟು ದೇಶಗಳು ಸಹಿ ಹಾಕಿದ, 2023ರ ಜೂನ್‌ನಲ್ಲಿ ಭಾರತವೂ ಸೇರಿದ, ಚಂದ್ರನ ಮೇಲಿನ ನಡವಳಿಕೆಗೆಂದು ಅಮೆರಿಕ ಮುಂದಿಟ್ಟ ಆರ್ಟೆಮಿಸ್ ಒಡಂಬಡಿಕೆ ಈ ಮಾತನ್ನು ‘ಸುರಕ್ಷತಾ ವಲಯ’ ಎಂಬ ಹೆಸರಿನಲ್ಲಿ ಮುಂದುವರಿಸುತ್ತದೆ. ಕೆಲಸ ನಡೆಯುವ ಜಾಗದ ಸುತ್ತ ಇಂತಿಷ್ಟು ಅಂತರ ಎಂದು ತಿಳಿಸಬಹುದು, ಅದು ತಾತ್ಕಾಲಿಕ, ಅಳತೆ ವಿಜ್ಞಾನ, ಎಂಜಿನಿಯರಿಂಗ್ ಲೆಕ್ಕಕ್ಕೆ ಸರಿಹೊಂದಬೇಕು, ಕೆಲಸ ಮುಗಿದರೆ ವಲಯವೂ ಮುಗಿಯಬೇಕು. ಓದಲು ತಂಪಾಗಿದೆ. ಆದರೆ ಹತ್ತು ವರ್ಷ, ಇಪ್ಪತ್ತು ವರ್ಷ ನಡೆಯುವ ನೆಲೆಯ ಸುತ್ತಲಿನ ವಲಯ ಎಷ್ಟು ತಾತ್ಕಾಲಿಕ? ಬೇರೆಯವರನ್ನು ಹೊರಗಿಡುವ ಹಕ್ಕೇ ಒಡೆತನದ ತಿರುಳು. ತಿರುಳನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ಬಿಟ್ಟುಕೊಟ್ಟರೆ ಯಾರಿಗೇನು ನಷ್ಟ? ಚೀನಾ, ರಷ್ಯಾ ಈ ಒಡಂಬಡಿಕೆಯಲ್ಲಿಲ್ಲ. ಅವು ತಮ್ಮದೇ ಚಂದ್ರನೆಲೆಯ ಯೋಜನೆ ಹಾಕಿಕೊಂಡಿವೆ.

ಚಂದ್ರನ ಮೇಲ್ಮೈ ಸುಮಾರು 3.8 ಕೋಟಿ ಚದರ ಕಿಲೋಮೀಟರ್, ಆಫ್ರಿಕಾಕ್ಕಿಂತ ದೊಡ್ಡದು. ಅಷ್ಟು ಜಾಗದಲ್ಲಿ ಒಂದೆರಡು ಕಿಲೋಮೀಟರಿಗೆ ಏಕೆ ಕಿತ್ತಾಟ ಎನ್ನಿಸುತ್ತದೆ. ಗ್ಯಾರಿಯಟ್ ಅವರ ಗಾಡಿ ನಿಂತಿರುವ ಲೆ ಮೋನಿಯೆ ಕುಳಿಗೆ ನಿಜಕ್ಕೂ ಯಾರ ಪೈಪೋಟಿಯೂ ಇಲ್ಲ. ಎಲ್ಲರ ಕಣ್ಣು ದಕ್ಷಿಣ ಧ್ರುವದ ಮೇಲೆ. ಚಂದ್ರನ ಅಕ್ಷ ಬಾಗಿರುವುದು ಒಂದೂವರೆ ಡಿಗ್ರಿಯಷ್ಟೇ, ಹಾಗಾಗಿ ಧ್ರುವದಲ್ಲಿ ಸೂರ್ಯ ದಿಗಂತವನ್ನು ಸವರಿಕೊಂಡೇ ಸುತ್ತುತ್ತಾನೆ. ಆಳವಾದ ಕುಳಿಗಳ ತಳಕ್ಕೆ ಬಿಸಿಲು ಬೀಳುವುದೇ ಇಲ್ಲ; ಆ ಕಡುಚಳಿಯಲ್ಲಿ ನೀರಿನ ಮಂಜು ಉಳಿದಿದೆ. 2009ರಲ್ಲಿ ನಾಸಾದ ಎಲ್‌ಕ್ರಾಸ್ ಯೋಜನೆ ರಾಕೆಟ್ಟಿನ ಖಾಲಿ ಹಂತವೊಂದನ್ನು ಕಬೇಯಸ್ ಕುಳಿಗೆ ಅಪ್ಪಳಿಸಿದಾಗ ಎದ್ದ ದೂಳಿನಲ್ಲಿ ನೀರು ಸಿಕ್ಕಿತು. ಅದೇ ಕುಳಿಗಳ ಎತ್ತರದ ಅಂಚುಗಳಲ್ಲಿ ಕೆಲವಕ್ಕೆ ವರ್ಷದ ಬಹುಪಾಲು ಬಿಸಿಲು. ಬೇರೆ ಕಡೆ ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದ. ಚಂದ್ರಯಾನ-3ರ ವಿಕ್ರಮ್, ಪ್ರಜ್ಞಾನ್ ಎರಡೂ ಆ ಒಂದು ರಾತ್ರಿಗೆ ಮಲಗಿದವು ಮತ್ತೆ ಏಳಲಿಲ್ಲ. ಬಿಸಿಲಿನ ಅಂಚು, ಪಕ್ಕದಲ್ಲೇ ಮಂಜುಗಡ್ಡೆ. ಇಂಥ ಜಾಗಗಳು ಬೆರಳೆಣಿಕೆಯಷ್ಟು, ಒಂದೊಂದೂ ಕಿರಿದು.

2016ರಲ್ಲಿ ಮೂವರು ಸಂಶೋಧಕರು ಇದನ್ನು ಹಿಡಿದು ಒಂದು ಚುರುಕಾದ ಪ್ರಶ್ನೆ ಕೇಳಿದರು. ಅಂಥ ಅಂಚಿನ ಮೇಲೆ ಸೂರ್ಯನ ರೇಡಿಯೊ ಅಲೆಗಳನ್ನು ಆಲಿಸುವ ನೂರು ಮೀಟರಿನ ಒಂದು ತಂತಿಯನ್ನು ಹಾಸಿದರೆ? ಅದು ಅಪ್ಪಟ ವಿಜ್ಞಾನ. ಉಪಕರಣ ನನ್ನದು, ಅದರ ಒಡೆತನವನ್ನು 1967ರ ಒಪ್ಪಂದವೇ ಕಾಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರ ಯಂತ್ರ ಗುಂಯ್‌ಗುಟ್ಟಿದರೆ ನನ್ನ ವೀಕ್ಷಣೆ ಹಾಳಾಗುತ್ತದೆ, ಮತ್ತೊಬ್ಬರ ಕೆಲಸಕ್ಕೆ ತೊಂದರೆ ಕೊಡಬಾರದು ಎಂದೂ ಅದೇ ಒಪ್ಪಂದ ಹೇಳುತ್ತದೆ. ಬಾವುಟವಿಲ್ಲ, ಬೇಲಿಯಿಲ್ಲ, ಘೋಷಣೆಯಿಲ್ಲ. ಒಂದು ತಂತಿ, ಅಷ್ಟೇ. ಅಂಚು ನನ್ನದಾಯಿತು.

ಆ ಅಂಚುಗಳಲ್ಲಿ ಹೆಸರಾದದ್ದು 21 ಕಿಲೋಮೀಟರ್ ಅಗಲದ ಶ್ಯಾಕಲ್ಟನ್ ಕುಳಿಯದು. ಚೀನಾ ಚಾಂಗ್‌ಎ-7 ನೌಕೆಗೆ ಗುರುತು ಮಾಡಿಕೊಂಡಿರುವುದು ಅದರ ಸುತ್ತಮುತ್ತಲನ್ನೇ. ನಾಸಾ 2024ರಲ್ಲಿ ಮಾನವರನ್ನು ಇಳಿಸಲು ಆರಿಸಿಟ್ಟುಕೊಂಡ ಒಂಬತ್ತು ಪ್ರದೇಶಗಳೂ ದಕ್ಷಿಣ ಧ್ರುವದ ಬಳಿಯವೇ. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಕಾರ್ಯತಂಡವೊಂದು ಸಂಪನ್ಮೂಲಗಳ ತತ್ವಗಳನ್ನು ಬರೆಯುತ್ತಾ ಕುಳಿತಿದೆ. ಸುರಕ್ಷತಾ ವಲಯ ಎಷ್ಟು ಮೀಟರ್ ಇರಬೇಕೆಂದು ಎಲ್ಲೂ ಬರೆದಿಲ್ಲ. ಮೊದಲು ಇಳಿದವರು ಒಂದು ಸಂಖ್ಯೆ ಹೇಳುತ್ತಾರೆ.